ಬಾಳಿಕಿ ಬರ್ತದೇನ್ರಿ?

ಉದ್ಯಮಬಾಗ, ಮೂರನೇ ಗಲ್ಲಿ,
ಫೌಂಡ್ರಿಯ ಹೊಗೆ ತಗ್ಗಿಗೆ ಇಳಿಯುವ ಹೊತ್ತು.
ಬೆಂಡವಾಡೆ ಸಾಹುಕಾರರ ಕೆಂಪು ಕಾರು
ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು,
ಮೂತಿ ತಗ್ಗಿಸಿ.
ಚಹಾ ಅಂಗಡಿಯವರೆಲ್ಲ ಗ್ಲಾಸು ಹಿಡಿದೇ ಎದ್ದು ಬಂದರು.

ಪಾಸ್ಕಲ್ ಮಿಸ್ತ್ರಿ ಕೇಳಿದ್ದು ಒಂದೇ:
"ದಿನಾ ಎಷ್ಟ ಓಡಸ್ತೀರಿ?"
"ಟಿಳಕವಾಡಿಯಿಂದ ಫ್ಯಾಕ್ಟರಿ, ಎರಡೂವರಿ ಕಿಲೋಮೀಟರ್.
ಮೂವತ್ತರ ಮ್ಯಾಲೆ ಹೊಡದಿಲ್ಲ ನೋಡ್ರಿ,
ಹೂವಿನ್ಹಂಗ ಇಟ್ಟೇನಿ."
"ಅದಕ್ಕಽ ಸತ್ತೈತಿ."

ಪ್ಲಗ್ ಬಿಚ್ಚಿದ ತೂತಿಗೆ ಕಿವಿ ಕೊಡು ಸುಗಂಧಾ, ಅಂದ.
ಸ್ಟಾರ್ಟರ್ ತಿರುಗಿತು.
ಮೂರು ಮೂಲೆಗೆ ಮೂರು ಉಸಿರು ಬರಬೇಕು,
ಫುಸ್, ಫುಸ್, ಫುಸ್.
ನನಗೆ ಕೇಳಿದ್ದು
ಫುಸ್, ಫುಸ್,
ಆಮೇಲೆ ಪಕ್ಕದ ಶೆಡ್ಡಿನ ಸುತ್ತಿಗೆ.

ಬಿಚ್ಚಿದೆವು.
ಹನ್ನೊಂದು ವರ್ಷ ಡೀಸೆಲ್ಲಿನ ಹೊಟ್ಟೆಯಲ್ಲಿ ಕೈಯಿಟ್ಟವಳು ನಾನು,
ಈ ಮನೆಯಲ್ಲಿ ಅಡುಗೆಮನೆಯೇ ಸಿಗಲಿಲ್ಲ.
ಪಿಸ್ಟನ್ ಇಲ್ಲ, ವಾಲ್ವ್ ಇಲ್ಲ;
ಎರಡು ಕಾಳಿನ ಶೇಂಗಾಕಾಯಿಯಂಥ ಗೂಡು,
ಒಳಗೆ ಗಲ್ಲ ಉಬ್ಬಿಸಿಕೊಂಡ ಒಂದು ತ್ರಿಕೋನ.
ಗಾಣದ ಒನಕೆಯ ಹಾಗೆ ಓಲಾಡುತ್ತ ಸುತ್ತುತ್ತದೆ,
ಅದು ಒಮ್ಮೆ ಸುತ್ತುವಷ್ಟರಲ್ಲಿ ನಡುವಿನ ಅಚ್ಚು ಮೂರು ಸಲ.
ಹೋಗಿ, ನಿಂತು, ತಿರುಗಿ ಬರುವ ಕೆಲಸವಿಲ್ಲ ಇದಕ್ಕೆ,
ಪಿಸ್ಟನ್ನಿಗಿರುವ ಹಾಗೆ, ನನಗಿರುವ ಹಾಗೆ,
ಅನಗೋಳದಿಂದ ಶೆಡ್ಡಿಗೆ,
ಶೆಡ್ಡಿನಿಂದ ಅನಗೋಳಕ್ಕೆ.

ಮೂರನೇ ಮೂಲೆಯ ಸೀಲು ಮುರಿದಿತ್ತು.
ಎರಡು ಮಿಲಿಮೀಟರ್ ದಪ್ಪದ ಪಟ್ಟಿ.
ಹೋಗುವಾಗ ಗೋಡೆಯ ಕ್ರೋಮಿನ ಮೇಲೆ
ಬೆಕ್ಕಿನ ಹಾಗೆ ಉಗುರಾಡಿಸಿ ಹೋಗಿತ್ತು.
ಇಡೀ ಕಾರಿನ ಸೊಕ್ಕು ನಿಂತದ್ದು ಇಷ್ಟರ ಮೇಲೆ.

"ಎಣ್ಣೀನೂ ಕುಡೀತದ್ರಿ ಇದು," ಸಾಹುಕಾರರ ದೂರು.
"ಕುಡೀಬೇಕು. ಹಂಗಽ ಹುಟ್ಟೇತಿ.
ಬಿಡಸಾಕ ಹೋಗಬ್ಯಾಡ್ರಿ."

ಅವರ ಫ್ಯಾಕ್ಟರಿಯ ಪಂಪಿಗೆ ಹತ್ತು ವರ್ಷದ ಗ್ಯಾರಂಟಿ.
ನೀಲಿ ಬಣ್ಣ, ಎತ್ತಿ ಒಗೆದರೂ ಕೆಡುವುದಿಲ್ಲ.
ಅದರ ಮುಂದೆ ನಿಂತು ಅವರು ನಕ್ಕದ್ದನ್ನು
ನಾನಂತೂ ಕಂಡಿಲ್ಲ.

ಸೀಲು ಜಪಾನಿನಿಂದ ಬರಲು ನಲವತ್ತೇಳು ದಿನ.
ಗೋಡೆ ಹಳೆಯದೇ; ಹೊಸದಕ್ಕೆ ಇನ್ನೊಂದು ಕಾರಿನ ದುಡ್ಡು.
ತಲೆಪಿನ್ನಿನಂಥ ಸ್ಪ್ರಿಂಗುಗಳನ್ನು
ಉಸಿರು ಬಿಗಿಹಿಡಿದು ಕೂರಿಸಿದೆ.
"ಸಾವಿರ ಕಿಲೋಮೀಟರ್ ಕೂಸಿನ್ಹಂಗ," ಅಂದ ಮಿಸ್ತ್ರಿ,
"ಆಮ್ಯಾಲೆ ವಾರಕ್ಕೊಮ್ಮೆ ಚೋರ್ಲಾ ಘಾಟ.
ಮುಳ್ಳು ಕೆಂಪು ಮುಟ್ಟಲೇಬೇಕು."

ಆ ಭಾನುವಾರ ಸಾಹುಕಾರರು ಚಾವಿ ನನ್ನ ಕೈಗಿಟ್ಟರು.
"ನನಗ ಮನಸ್ಸ ಬರೂದಿಲ್ಲವಾ. ನೀ ಹೊಡಿ."
ಟೆಂಪೋ ಟ್ರಯಲ್ ನೋಡುವ ಕೈ ನನ್ನದು.
ಜಾಂಬೋಟಿ ದಾಟಿದ ಮೇಲೆ ರಸ್ತೆ ಖಾಲಿ,
ಐದು ಸಾವಿರ, ಆರು, ಏಳು.
ನಡುಕವಿಲ್ಲ. ಡ್ಯಾಶಿನ ಮೇಲಿಟ್ಟ ರೂಪಾಯಿ ಮಿಸುಕಲಿಲ್ಲ.
ಅಂಗಡಿಯವ ಕೋರಾ ಬಟ್ಟೆ ಹರಿಯುವ ಸದ್ದು,
ಥಾನು ಮುಗಿಯದೇ,
ಮುಗಿಯದೇ.

ಕಣ್ಣು ಮುಚ್ಚಿ ಸೀಟು ಹಿಡಿದಿದ್ದವರು ಕೇಳಿದರು,
"ಬಾಳಿಕಿ ಬರ್ತದೇನ್ರಿ?"
ನನಗೆ ಮೊದಲ ಸಲ ಬಹುವಚನ.
ನಾನು ಮೂರನೇ ಉಸಿರಿಗೆ ಕಿವಿ ಕೊಟ್ಟಿದ್ದೆ,
ಉತ್ತರ ಹೇಳಲಿಲ್ಲ.

ಕಣಕುಂಬಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು.
ತಿರುಗಿ ಚಾವಿ ತಿರುವಿದರೆ ಹೊತ್ತಲೊಲ್ಲದು.
ಕಾದ ಮೈಗೆ ಗೋಡೆಯ ಗೀರು ನೆನಪಾಗಿರಬೇಕು.
ಆರುವವರೆಗೂ ಕೂರಬೇಕು, ಬೇರೆ ದಾರಿಯಿಲ್ಲ.

ಹತ್ತು ವರ್ಷದ ಗ್ಯಾರಂಟಿಯ ಮನುಷ್ಯ
ರಸ್ತೆಬದಿಯ ಕಲ್ಲಿನ ಮೇಲೆ ಕೂತು
ಬಾನೆಟ್ಟಿನೊಳಗಿನ ಟಿಕ್ ಟಿಕ್ ಕೇಳುತ್ತ
ಒಮ್ಮೆಲೇ ನಕ್ಕರು, ಹೊಟ್ಟೆ ಹಿಡಿದುಕೊಂಡು.
"ಇನ್ನೊಂದೊಂದು ಚಾ ಹೇಳವಾ," ಅಂದರು,
"ಅದಕ್ಕ ಅವಸರಿಲ್ಲ."